ವಿಲೆಮೀನಾಳಿಗಾಗಿ ಪ್ರಾರ್ಥಿಸಿರಿ

ಅಮೆರಿಕದ ಅಯೋವಾ ಸೀಮೆಯಲ್ಲಿ ಡಚ್ಚರು ನೆಲೆಸಿದ ನ್ಯೂ ಡೊಕ್ಕಮ್ ಊರಿನಲ್ಲಿ ಗೆರಿಟ್ ಪೋಸ್ಟ್‌ಮಾ ಮೇಷ್ಟರಿಗೆ ಮಾತೇ ಬಾರದು ಎನ್ನುವವರಿದ್ದರು. ಅದು ಪೂರ್ತಿ ನಿಜವಲ್ಲ. ಒಂದು ಮೊಟ್ಟೆ ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಸೀಳುತ್ತಾ ಹೋಗಿ ಕೊನೆಗೆ ಕಣ್ಣು ಬಾಲಗಳುಳ್ಳ ಜೀವವಾಗುವ ಸಂಗತಿಯನ್ನು ಎತ್ತಿಕೊಂಡರೆ ಅವರು ಒಂದೂವರೆ ಗಂಟೆ ಕೆಮ್ಮದೆ ಮಾತಾಡಬಲ್ಲರು. ಮಿಕ್ಕ ವಿಷಯಗಳಲ್ಲಿ, ಅಂದರೆ ಹವೆ, ಹಂದಿಯ ಧಾರಣೆ, ಚರ್ಚಿನ ಹೊಸ ಛಾವಣಿ, ಪಕ್ಕದ ಮನೆಯವರ ಮಂಡಿನೋವು ಮುಂತಾದವುಗಳಲ್ಲಿ ಅವರ ಮಾತು "ಹೌದಾ" ಎಂಬಲ್ಲಿಗೆ ಮುಗಿಯುತ್ತಿತ್ತು. ಊರಿನ ಮಾತೆಲ್ಲ ಈ ಮಿಕ್ಕ ವಿಷಯಗಳಲ್ಲೇ ನಡೆಯುತ್ತಿದ್ದುದರಿಂದ ಅವರಿಗೆ ಮೂಗಬಸವನ ಪಟ್ಟ ಬಂದಿತ್ತು.

ವಯಸ್ಸು ಐವತ್ತನಾಲ್ಕು. ಮದುವೆಯಾಗಿರಲಿಲ್ಲ. ಹೆರ್ಮೋನ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದರು. ಕೊನೆಯ ವರ್ಷದವರಿಗೆಂದೇ ಇದ್ದ ಭ್ರೂಣಶಾಸ್ತ್ರದ ಪಾಠ, ಕಾಗದಪತ್ರಗಳಲ್ಲಿ 'ನಾನೂರ ಹನ್ನೆರಡು' ಎಂದು ಕರೆಸಿಕೊಳ್ಳುವುದು, ಅವರ ಪ್ರಾಣ. ಆ ಪಾಠದ ಪ್ರಾಣ ವಿಜ್ಞಾನ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಗಾಜಿನ ತೊಟ್ಟಿಯಲ್ಲಿತ್ತು. ಹೆಸರು ವಿಲೆಮೀನಾ. ನೀರು ಬಿಟ್ಟು ಮೇಲೆ ಬಾರದ ಒಂದು ಬಗೆಯ ಸ್ಯಾಲಮ್ಯಾಂಡರ್: ಹಲ್ಲಿಯ ಮೈಕಟ್ಟು, ಕಪ್ಪೆಯ ಚರ್ಮ, ಕತ್ತಿನ ಎರಡು ಕಡೆ ಗರಿಗರಿಯಾದ ಕಿವಿರು, ಮುಖದ ಮೇಲೆ ಸದಾ ಒಂದು ಮುಗುಳುನಗೆ. ಡಚ್ ರಾಣಿಯೊಬ್ಬಳ ಹೆಸರನ್ನು ಅವಳಿಗೆ ಇಟ್ಟವರು ಒಂಬತ್ತು ವರ್ಷದ ಹಿಂದಿನ ವಿದ್ಯಾರ್ಥಿಗಳು. ಪ್ರತಿ ಮಾರ್ಚ್‌ನಲ್ಲಿ ಅವಳು ಮೊಟ್ಟೆ ಇಡಬೇಕು, ವಿದ್ಯಾರ್ಥಿಗಳು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರಬೇಕು, ಮೇಷ್ಟರು ಬೆನ್ನ ಹಿಂದೆ ಕೈಕಟ್ಟಿಕೊಂಡು ಸುಳಿದಾಡುತ್ತಾ "ನೋಡಿದ್ರಾ? ನೋಡಿದ್ರಾ?" ಎನ್ನಬೇಕು. ಒಂಬತ್ತು ವರ್ಷ ಹಾಗೇ ನಡೆದಿತ್ತು.

ಈ ವರ್ಷ ವಿಲೆಮೀನಾ ಮೊಟ್ಟೆ ಇಡಲಿಲ್ಲ. ಹೊಟ್ಟೆ ಮಾತ್ರ ಊದಿಕೊಂಡಿತು. ಆರು ದಿನದಿಂದ ಎರೆಹುಳು ಮುಟ್ಟಲಿಲ್ಲ. ಮೇಷ್ಟರೂ ಸರಿಯಾಗಿ ಊಟ ಮಾಡಲಿಲ್ಲ.

ಇಂಥ ಸ್ಥಿತಿಯಲ್ಲಿ ಸೋಮವಾರದ ಅಧ್ಯಾಪಕರ ಸಭೆ ಬಂತು. ಅಂದು ಸಭೆಯಲ್ಲಿ ಡೀನ್ ರೋಲಂಡ್ ಟ್ಯೂನಿಸನ್ ಅವರು ಕೈಬಿಡಬೇಕಾದ ಪಾಠಗಳ ಪಟ್ಟಿ ಓದುವವರಿದ್ದರು. ಡೀನ್ ಹೋದ ವರ್ಷವಷ್ಟೇ ಮಿಶಿಗನ್‌ನಿಂದ ಬಂದವರು, ದೇವತಾಶಾಸ್ತ್ರದವರು, ಎತ್ತರದ ನೆಟ್ಟನೆ ಮನುಷ್ಯ. ನಿಯಮ ಎಂದರೆ ನಿಯಮ. ಆರು ಜನ ವಿದ್ಯಾರ್ಥಿಗಳಿಲ್ಲದ ಪಾಠ ಮುಂದಿನ ವರ್ಷ ಇರಕೂಡದು. ನಾನೂರ ಹನ್ನೆರಡಕ್ಕೆ ಐದು ಜನರಿದ್ದರು.

ಪದ್ಧತಿಯಂತೆ ಸಭೆ ಪ್ರಾರ್ಥನೆಯಿಂದ ಶುರುವಾಯಿತು. ಯಾರಿಗಾಗಿ ಪ್ರಾರ್ಥಿಸಬೇಕು ಎಂದು ಡೀನ್ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಗಣಿತದವರ ಅತ್ತೆಗೆ ಕಣ್ಣಿನ ಪೊರೆ. ಸಂಗೀತದವರ ಅಳಿಯನಿಗೆ ಕೆಲಸ ಇಲ್ಲ. ಇಪ್ಪತ್ತೆರಡು ವರ್ಷದಿಂದ ಈ ಪ್ರಶ್ನೆ ತಮ್ಮ ಬಳಿ ಬಂದಾಗ ಮೇಷ್ಟರು ತಲೆಯಾಡಿಸಿ ಮುಂದಿನವರ ಕಡೆ ನೋಡುತ್ತಿದ್ದರು. ಅಂದು ಏನಾಯಿತೋ, ಬಾಯಿ ತೆರೆದುಕೊಂಡಿತು.

"ವಿಲೆಮೀನಾ," ಎಂದರು. "ಆರು ದಿನ ಆಯ್ತು, ಊಟ ಮುಟ್ಟಿಲ್ಲ. ಹೊಟ್ಟೆ ಊದಿಕೊಂಡಿದೆ. ಬೆಳಗ್ಗೆ ನೋಡಿದ್ರೆ ಒಂದು ಪಕ್ಕಕ್ಕೆ ವಾಲಿಕೊಂಡು ಮಲಗಿದ್ಲು. ನನ್ನ ನೋಡಿದ್ಲು. ಗುರುತು ಹಿಡಿದ್ಲೋ ಇಲ್ವೋ..."

ಜೀವಶಾಸ್ತ್ರದ ಇನ್ನಿಬ್ಬರು ಅಧ್ಯಾಪಕರು ಅಲ್ಲಿದ್ದಿದ್ದರೆ ಕಥೆ ಇಲ್ಲೇ ಮುಗಿಯುತ್ತಿತ್ತು. ಅವರಿಬ್ಬರೂ ಅಂದು ವಿದ್ಯಾರ್ಥಿಗಳನ್ನು ಕರೆದುಕೊಂಡು ನದಿ ದಂಡೆಯ ಹುಳು ಎಣಿಸಲು ಹೋಗಿದ್ದರು. ಮಿಕ್ಕವರಲ್ಲಿ ನೆಲಮಾಳಿಗೆಯ ಮೆಟ್ಟಿಲು ಇಳಿದವರು ಒಬ್ಬರೂ ಇರಲಿಲ್ಲ. ಮೇಷ್ಟರಿಗೋ, ವಿಲೆಮೀನಾ ಯಾರೆಂದು ತಿಳಿಯದವರು ಲೋಕದಲ್ಲಿ ಇರಬಹುದು ಎಂಬ ಯೋಚನೆಯೇ ಬರಲಿಲ್ಲ.

ಡೀನ್ ಪ್ರಾರ್ಥಿಸಿದರು. ಅವರ ಧ್ವನಿ ಒಡೆಯಿತು. "ತಂದೆಯೇ, ಇಷ್ಟು ವರ್ಷ ನಮ್ಮ ಪಕ್ಕದಲ್ಲೇ ಕುಳಿತು ಒಂದು ಮಾತೂ ಆಡದೆ ಈ ಭಾರ ಹೊತ್ತ ನಮ್ಮ ಸಹೋದರನನ್ನು ಕ್ಷಮಿಸು, ಕೇಳದೆ ಹೋದ ನಮ್ಮನ್ನು ಇನ್ನೂ ಹೆಚ್ಚು ಕ್ಷಮಿಸು," ಎಂದು ಶುರುವಾಗಿ ಏಳು ನಿಮಿಷ ನಡೆದ ಆ ಪ್ರಾರ್ಥನೆಯಲ್ಲಿ ವಿಲೆಮೀನಾಳ ಹೆಸರು ಹದಿನಾಲ್ಕು ಸಲ ಬಂತು. ಡೀನ್ ಇಷ್ಟು ಮೃದು ಮನುಷ್ಯ ಎಂದು ಗೊತ್ತೇ ಇರಲಿಲ್ಲವಲ್ಲ ಎಂದುಕೊಂಡು ಮೇಷ್ಟರೂ ಕಣ್ಣೊರೆಸಿಕೊಂಡರು. ಆಮೆನ್ ಎಂದ ಮೇಲೆ ಡೀನ್ ಎದ್ದು ಬಂದು ಅವರನ್ನು ತಬ್ಬಿಕೊಂಡರು. ಪಟ್ಟಿ ಓದುವಾಗ ನಾನೂರ ಹನ್ನೆರಡರ ಸಾಲಿಗೆ ಬಂದು ಕೆಮ್ಮಿ, "ಇದರ ಮಾತು ಈಗ ಬೇಡ," ಎಂದು ಮುಂದಿನ ಸಾಲಿಗೆ ಜಿಗಿದರು.

ಮಂಗಳವಾರ ಸಂಜೆ ಪಕ್ಕದ ಮನೆಯ ಹಿಲ್ಡಾ ಕ್ಲೂಸ್ಟ್ರಾ ಬಂದರು. ಎಪ್ಪತ್ತೆರಡರ ಈ ವಿಧವೆ ಚರ್ಚಿನ ಪ್ರಾರ್ಥನಾ ಸರಪಳಿಯ ಮೊದಲ ಕೊಂಡಿ. ಒಬ್ಬರಿಗೆ ಕಾಯಿಲೆ ಎಂದು ತಿಳಿದರೆ ಆಕೆ ಇಬ್ಬರಿಗೆ ಫೋನ್ ಮಾಡುವರು, ಆ ಇಬ್ಬರು ನಾಲ್ವರಿಗೆ, ನಾಲ್ವರು ಎಂಟು ಮಂದಿಗೆ. ನಮ್ಮ ಮೇಷ್ಟರ ಮೊಟ್ಟೆಯ ಲೆಕ್ಕವೇ. ಸುದ್ದಿ ಒಂದು ಸೀಳಿನಿಂದ ಇನ್ನೊಂದಕ್ಕೆ ಹೋಗುವಾಗ ಅದಕ್ಕೂ ಕಣ್ಣು, ಬಾಲ ಮೂಡುತ್ತಿದ್ದವು.

ಕೈಯಲ್ಲಿ ಗಾಜಿನ ಪಾತ್ರೆ. ಅದರಲ್ಲಿ ಕೋಳಿ, ನೂಡಲ್ಸ್, ಚೀಸ್ ಎಲ್ಲ ಸೇರಿಸಿ ಒಲೆಯಲ್ಲಿ ಕೆಂಪಗೆ ಬೇಯಿಸಿದ ತಿನಿಸು. ಆ ಊರಿನಲ್ಲಿ ದುಃಖಕ್ಕೂ ಸಂತೋಷಕ್ಕೂ ಅದೇ.

"ಹಿಡಿ ಇದನ್ನ. ಮೊದಲು ಒಂದು ತುತ್ತು ತಿನ್ನು. ಆಮೇಲೆ ಹೇಳು, ಹೇಗಿದಾಳೆ?"

ಮೇಷ್ಟರು ಹಿಗ್ಗಿ ಪಾತ್ರೆಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಊರಿಗೆ ಊರೇ ವಿಲೆಮೀನಾಳನ್ನು ವಿಚಾರಿಸುತ್ತಿದೆ! "ಹಾಗೇ ಇದಾಳೆ ಮಿಸೆಸ್ ಕ್ಲೂಸ್ಟ್ರಾ. ತಣ್ಣೀರಲ್ಲೇ ಇಟ್ಟಿದೀನಿ. ಮಧ್ಯೆ ಮಧ್ಯೆ ಐಸ್ ಬಾಟಲಿ ಹಾಕ್ತೀವಿ."

"ಅಷ್ಟು ಜ್ವರವಾ! ಡಾಕ್ಟರು ಯಾರು?"

"ಡಾಕ್ಟರು ಯಾಕೆ? ನಾನೇ ನೋಡ್ಕೋತೀನಿ. ನನ್ನ ವಿದ್ಯಾರ್ಥಿಗಳೂ ಸರದಿ ಮೇಲೆ ನೋಡ್ಕೋತಾರೆ."

ಹಿಲ್ಡಾ ಎದೆಯ ಮೇಲೆ ಕೈಯಿಟ್ಟುಕೊಂಡರು. "ಎಲ್ಲಿಯವಳಪ್ಪಾ ಅವಳು?"

"ಕೆಂಟಕಿಯಿಂದ ಬಂದಿದ್ದು. ಅಂಚೆ ಮೂಲಕ."

"ಕಾಗದ ಬರೆದುಕೊಂಡೇ ಪರಿಚಯ! ನಮ್ಮ ಕಾಲದಲ್ಲಿ ಹೀಗೇ ಇತ್ತು. ಎಷ್ಟು ವರ್ಷ ಆಯ್ತು?"

"ಒಂಬತ್ತು."

"ಒಂಬತ್ತು ವರ್ಷ! ಗೋಡೆಗೆ ಗೋಡೆ ತಾಗಿಕೊಂಡಿದ್ದರೂ ನಂಗೆ ಗೊತ್ತಾಗಲಿಲ್ಲವಲ್ಲೋ! ಅವಳಿಗೆ ಬೇರೆ ಯಾರೂ ಇಲ್ವಾ?"

"ಒಬ್ಬ ಗಂಡು ಇದಾನೆ," ಎಂದರು ಮೇಷ್ಟರು ಮುಖ ಗಂಟಿಕ್ಕಿ. "ಇವತ್ತು ಬೆಳಗ್ಗೆ ಇಬ್ಬರನ್ನೂ ಬೇರೆ ಮಾಡಿದೆ. ದುಷ್ಟ. ಹಸಿವಾದರೆ ಅವಳ ಕಾಲು ಕಚ್ಚುತಾನೆ."

"ಕಾಲು!"

"ಹಿಂದಿನ ಎಡಗಾಲು. ಪುಣ್ಯಕ್ಕೆ ಮತ್ತೆ ಬೆಳೀತಾ ಇದೆ."

ಹಿಲ್ಡಾ ಕುರ್ಚಿಗೆ ಕುಸಿದರು. ಮೇಷ್ಟರಿಗೆ ಸಂಕಟದಲ್ಲಿ ತಲೆ ಸರಿಯಿಲ್ಲ ಎಂದು ಆಕೆ ತೀರ್ಮಾನಿಸಿದ್ದು ಆಗಲೇ. ಆದರೆ ಗಂಡ ಎಂಬ ಮಾತು ಸ್ಪಷ್ಟವಾಗಿ ಕಿವಿಗೆ ಬಿದ್ದಿತ್ತು, ಬೇರೆ ಮಾಡಿದ್ದು ತಾನೇ ಎಂದು ಈತ ಬಾಯಿಬಿಟ್ಟು ಒಪ್ಪಿಕೊಂಡಿದ್ದ. ಪಾತ್ರೆಯನ್ನು ಅಲ್ಲೇ ಬಿಟ್ಟು, ಕೋಟಿನ ಗುಂಡಿಯನ್ನೂ ಹಾಕಿಕೊಳ್ಳದೆ, ಫೋನ್ ಇರುವ ತಮ್ಮ ಮನೆಗೆ ಓಡಿದರು.

ಬುಧವಾರ ವಿಶ್ವವಿದ್ಯಾಲಯದ ಪ್ರಾರ್ಥನಾ ಮಂದಿರದಲ್ಲಿ ಎಂಟುನೂರು ವಿದ್ಯಾರ್ಥಿಗಳ ಎದುರು ವಿಲೆಮೀನಾಳ ಹೆಸರು ಓದಿದರು. ಐದನೆಯ ಸಾಲಿನಲ್ಲಿ ಒಟ್ಟಿಗೆ ಕುಳಿತಿದ್ದ ನಾನೂರ ಹನ್ನೆರಡರ ಐವರು ಎಲ್ಲರಿಗಿಂತ ಜೋರಾಗಿ ಆಮೆನ್ ಎಂದರು. ಒಂದು ಸ್ಯಾಲಮ್ಯಾಂಡರ್‌ಗೆ ಇಷ್ಟು ಮರ್ಯಾದೆ ಕೊಡುವ ವಿಶ್ವವಿದ್ಯಾಲಯ ಇಡೀ ಅಮೆರಿಕದಲ್ಲಿ ಇನ್ನೊಂದಿಲ್ಲ ಎಂದು ಅವರಲ್ಲಿ ತಬಿತಾ ಎಂಬವಳು ಹೆಮ್ಮೆಯಿಂದ ಮನೆಗೆ ಕಾಗದ ಬರೆದಳು.

ಅಂದು ಮಧ್ಯಾಹ್ನ ಮೇಷ್ಟರ ಕೋಣೆಗೆ ಅಕ್ಕ ಆಲ್ಮಾ ನುಗ್ಗಿದರು. ಚರ್ಚಿನಲ್ಲಿ ಆರ್ಗನ್ ನುಡಿಸುವ ಆಲ್ಮಾಗೂ ಮದುವೆಯಾಗಿರಲಿಲ್ಲ. ವಾರಕ್ಕೊಮ್ಮೆ ತಮ್ಮನಿಗೆ ಸೂಪು ಕೊಟ್ಟು, ಅವನ ಅಂಗಿಯ ಕಾಲರು ನೋಡಿ ಬೈದು ಹೋಗುವುದು ಅವರ ಕ್ರಮ. ಇಂದು ಬೈಗುಳದ ಬದಲು ಅಳು ಬಂದಿತ್ತು.

"ಒಂಬತ್ತು ವರ್ಷ ಕಣೋ! ನಾನು ನಿನಗೇನು ಹೊರಗಿನವಳಾ? ಹಿಲ್ಡಾ ಬಾಯಿಂದ ಕೇಳಬೇಕಾ ನಾನು?"

"ಅಕ್ಕಾ, ಏನು ಕೇಳಿದೆ?"

"ಎಲ್ಲ ಕೇಳಿದೆ. ಅವಳ ಗಂಡ ಹೊಡೀತಿದ್ದನಂತೆ, ಕಾಲಿಗೆ ಪೆಟ್ಟಾಗಿದೆಯಂತೆ, ನೀನು ಬಿಡಿಸಿ ಕರ್ಕೊಂಡು ಬಂದಿದೀಯಂತೆ. ಊರವರು ಏನಾದರೂ ಅನ್ಕೊಳ್ಳಲಿ. ನಾನು ಏನೂ ಅನ್ನಲ್ಲ." ಆಲ್ಮಾ ಚೀಲದಿಂದ ಗುಲಾಬಿ ಬಣ್ಣದ ಉಣ್ಣೆಯ ಶಾಲು ತೆಗೆದು ಮೇಜಿನ ಮೇಲೆ ಹರಡಿದರು. "ಹಾಸಿಗೆ ಹಿಡಿದವರಿಗೆ ಹೆಗಲಿಗೆ ಚಳಿ ಆಗುತ್ತೆ. ನಿನ್ನೆ ರಾತ್ರಿಯಿಡೀ ಕೂತು ಹೆಣೆದಿದೀನಿ. ಹೆಗಲು ಅಗಲವೇ ಅವಳದು?"

ಆಗ ಮೇಷ್ಟರಿಗೆ ಹೊಳೆಯಿತು. ನೆತ್ತಿಯಿಂದ ಹಿಮ್ಮಡಿಯವರೆಗೆ ತಣ್ಣಗೆ ಹೊಳೆಯಿತು. ಡೀನ್ ತಬ್ಬಿಕೊಂಡದ್ದು, ಹಿಲ್ಡಾ ಕುಸಿದದ್ದು, ಮಂದಿರದ ಎಂಟುನೂರು ಆಮೆನ್, ಎಲ್ಲವೂ ಒಂದರ ಹಿಂದೊಂದು ಕಣ್ಣ ಮುಂದೆ ಬಂದು ನಿಂತವು.

"ಅಕ್ಕಾ, ಅವಳು..." ಎಂದು ಶುರುಮಾಡಿದರು.

"ಗುಣ ಆಗ್ತಾಳೆ ಕಣೋ. ಗುಣ ಆದ ಮೇಲೆ ಭಾನುವಾರ ಊಟಕ್ಕೆ ಕರ್ಕೊಂಡು ಬಾ. ನಾಲ್ಕು ಜನರ ಮೇಜು ಅದು, ಅಪ್ಪ ಅಮ್ಮ ಹೋದ ಮೇಲೆ ಎರಡು ಕುರ್ಚಿ ಗೋಡೆಗೆ ಒರಗಿಸಿಟ್ಟಿದೀನಿ. ಒಂದನ್ನ ಇವತ್ತು ಒರೆಸಿ ಎಳೆದೆ." ಆಲ್ಮಾ ಮೂಗು ಒರೆಸಿಕೊಂಡು ನಕ್ಕರು. ಆ ನಗು ನೋಡಿ ಎಷ್ಟು ವರ್ಷವಾಗಿತ್ತು ಎಂದು ಮೇಷ್ಟರು ಲೆಕ್ಕ ಹಾಕುವಷ್ಟರಲ್ಲಿ ಅವರು ಬಾಗಿಲು ದಾಟಿದ್ದರು. ಶಾಲು ಮೇಜಿನ ಮೇಲೇ ಉಳಿಯಿತು.

ಈಗಲಾದರೂ ಓಡಿಹೋಗಿ ಹೇಳಬಹುದಿತ್ತು. ಎದ್ದರು ಕೂಡ. ಆದರೆ ಅಕ್ಕನಿಗೆ ಹೇಳಿದರೆ ಡೀನ್‌ಗೂ ಹೇಳಬೇಕು. ಡೀನ್‌ಗೆ ಹೇಳಿದರೆ ನಾನೂರ ಹನ್ನೆರಡು ಹೋಯಿತು. ಮೇಷ್ಟರು ಮತ್ತೆ ಕೂತರು. ಮತ್ತೆ ಎದ್ದರು. ಹೀಗೆ ಏಳುತ್ತಾ ಕೂರುತ್ತಾ ಸಂಜೆಯಾಯಿತು.

ಗುರುವಾರ ಪಾಸ್ಟರ್ ಹೈಟಿಂಕ್ ಅವರೇ ಕೋಣೆಗೆ ಬಂದರು. ಕೈಯಲ್ಲಿ ರೋಗಿಗಳ ಹಣೆಗೆ ಹಚ್ಚುವ ಎಣ್ಣೆಯ ಚಿಕ್ಕ ಸೀಸೆ. ಪಾಸ್ಟರು ಒಳ್ಳೆಯವರು, ದುಂಡಗಿನವರು, ಯಾವ ಮಾತನ್ನೂ ನೇರವಾಗಿ ಆಡಲು ನಾಚುವವರು. ಕುರ್ಚಿಯ ತುದಿಯಲ್ಲಿ ಕುಳಿತು ಸೀಸೆಯನ್ನು ಅಂಗೈಯಲ್ಲಿ ಹೊರಳಿಸಿದರು.

"ಗೆರಿಟ್, ನಾನು ತೀರ್ಪು ಹೇಳೋಕೆ ಬಂದಿಲ್ಲ. ಆದರೆ ಜನ ಮಾತಾಡ್ತಿದಾರೆ. ಆಕೆಗೆ ಗಂಡ ಇದಾನಂತೆ."

ಮೇಷ್ಟರು ಎಲ್ಲವನ್ನೂ ಹೇಳಿಬಿಡುವುದೆಂದು ಅಂದು ಬೆಳಗ್ಗೆಯೇ ನಿಶ್ಚಯಿಸಿದ್ದರು. ಉಸಿರೆಳೆದುಕೊಂಡರು. "ಪಾಸ್ಟರ್, ನಿಜ ಹೇಳಿಬಿಡ್ತೀನಿ. ವಿಲೆಮೀನಾ ನೀವು ಅಂದುಕೊಂಡಂಥ ಹೆಂಗಸಲ್ಲ."

ಪಾಸ್ಟರ ಮುಖ ಕೆಂಪಾಯಿತು. "ಗೆರಿಟ್! ಯಾವ ಹೆಣ್ಣಿನ ಬಗ್ಗೆಯೂ ಹಾಗನ್ನಬೇಡ. ಅಂಥವರನ್ನ ನಮ್ಮ ಕರ್ತನು ದೂರ ತಳ್ಳಲಿಲ್ಲ."

"ಅಲ್ಲ ಪಾಸ್ಟರ್, ಅವಳು ಮನುಷ್ಯಳೇ ಅಲ್ಲ!"

"ಕೋಪ ಬಂದಾಗ ನಾವೆಲ್ಲರೂ ಹಾಗೆ ಅಂತೀವಿ," ಎಂದು ಪಾಸ್ಟರು ಅವರ ಮೊಣಕಾಲು ತಟ್ಟಿದರು. "ಜಗಳ ಆಡಿದ್ರಾ? ಇರಲಿ. ಈಗ ಎಲ್ಲಿದಾಳೆ?"

"ಕೆಳಗೆ. ಇದೇ ಕಟ್ಟಡದ ನೆಲಮಾಳಿಗೆಯಲ್ಲಿ."

ಎಣ್ಣೆಯ ಸೀಸೆ ಉರುಳಿ ಜಮಖಾನದ ಮೇಲೆ ಬಿತ್ತು. "ನೆಲಮಾಳಿಗೆಯಲ್ಲಿ? ಕಾಯಿಲೆಯ ಹೆಂಗಸನ್ನ?"

"ಒಂಬತ್ತು ವರ್ಷದಿಂದ ಅಲ್ಲೇ ಇದಾಳೆ. ಬನ್ನಿ, ತೋರಿಸ್ತೀನಿ! ನೋಡಿದರೆ ನಿಮಗೇ..."

ಪಾಸ್ಟರು ನೋಡಲು ನಿಲ್ಲಲಿಲ್ಲ. ಇಂಥದ್ದನ್ನು ಒಂಟಿಯಾಗಿ ನೋಡಬಾರದು, ಸಾಕ್ಷಿ ಬೇಕು ಎಂದು ಅವರಿಗೆ ತೋಚಿತು. ದುಂಡಗಿನ ಮನುಷ್ಯ ಅಷ್ಟು ಬೇಗ ಮೆಟ್ಟಿಲಿಳಿದದ್ದನ್ನು ಆ ಕಟ್ಟಡದಲ್ಲಿ ಯಾರೂ ಕಂಡಿರಲಿಲ್ಲ. ಮೇಷ್ಟರು ಕಿಟಕಿಯಿಂದ ನೋಡುತ್ತಿದ್ದಂತೆ ಅವರು ಹುಲ್ಲುಹಾಸು ಅಡ್ಡದಾಟಿ ನೇರ ಡೀನ್ ಕಚೇರಿಯ ಕಡೆ ಓಡಿದರು.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ನಾನೂರ ಹನ್ನೆರಡರ ಪಾಠ. ಹತ್ತೂ ಕಾಲಿಗೆ ನೆಲಮಾಳಿಗೆಯ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಮುಂದೆ ಡೀನ್, ವಿಶ್ವವಿದ್ಯಾಲಯದ ನಡತೆ ನಿಯಮಗಳ ಪುಸ್ತಕ ಕಂಕುಳಲ್ಲಿ. ಹಿಂದೆ ಪಾಸ್ಟರು, ಹೊಸ ಎಣ್ಣೆ ಸೀಸೆಯೊಂದಿಗೆ. ಅವರ ಹಿಂದೆ, ಹೆಂಗಸಿನ ವಿಷಯವೆಂದ ಮೇಲೆ ಒಬ್ಬ ಹೆಂಗಸು ಇರಲೇಬೇಕೆಂದು ಹಟ ಹಿಡಿದು ಬಂದ ಹಿಲ್ಡಾ, ಬಿಸಿಬಿಸಿ ಪಾತ್ರೆ ಸಮೇತ. ಕೊನೆಯಲ್ಲಿ ಆಲ್ಮಾ, ಕೂದಲು ನೀಟಾಗಿ ಬಾಚಿ, ಭಾನುವಾರದ ಉಡುಪು ತೊಟ್ಟುಕೊಂಡು. ನಾದಿನಿಯನ್ನು ಮೊದಲ ಸಲ ನೋಡುವುದು ಹೇಗಾದರೂ ನೋಡಲಾದೀತೇ?

ಡೀನ್ ಬಾಗಿಲು ತಳ್ಳಿದರು. "ಗೆರಿಟ್ ಪೋಸ್ಟ್‌ಮಾ, ಎಲ್ಲಿ ಆಕೆ?"

"ಶ್!" ಎಂದರು ಐವರು ವಿದ್ಯಾರ್ಥಿಗಳೂ ಒಟ್ಟಿಗೆ.

ಡೀನ್‌ಗೆ ಜೀವಮಾನದಲ್ಲಿ ಯಾರೂ ಶ್ ಎಂದಿರಲಿಲ್ಲ. ಅವರು ಬಾಯಿ ತೆರೆದೇ ನಿಂತರು. ತೊಟ್ಟಿಯ ಮುಂದೆ ಮೊಣಕಾಲೂರಿ ಕುಳಿತಿದ್ದ ತಬಿತಾ ತಲೆಯೆತ್ತಿದಳು. ಕಣ್ಣಲ್ಲಿ ನೀರು ಮಿನುಗುತ್ತಿತ್ತು.

"ಡೀನ್ ಸರ್! ಪಾಸ್ಟರ್! ನೀವೂ ಬಂದ್ರಾ! ಸರಿಯಾದ ಹೊತ್ತಿಗೆ ಬಂದಿದೀರಿ. ವಿಲೆಮೀನಾ ಮೊಟ್ಟೆ ಇಡ್ತಿದಾಳೆ!"

ತೊಟ್ಟಿಯ ಹಸಿರು ಎಲೆಯೊಂದನ್ನು ಹಿಂಗಾಲುಗಳಲ್ಲಿ ಅಪ್ಪಿಕೊಂಡು, ಎಂದಿನ ಮುಗುಳುನಗೆಯೊಂದಿಗೆ, ವಿಲೆಮೀನಾ ಕರಿ ಚುಕ್ಕೆಯ ಲೋಳೆಮುತ್ತುಗಳನ್ನು ಒಂದೊಂದಾಗಿ ಅಂಟಿಸುತ್ತಿದ್ದಳು. ನೀರಿಗೆ ಗಾಳಿಯೂದುವ ಯಂತ್ರ ಮಾತ್ರ ಗುಳುಗುಳು ಎನ್ನುತ್ತಿತ್ತು.

"ಇದು," ಎಂದರು ಡೀನ್.

"ವಿಲೆಮೀನಾ," ಎಂದರು ಮೇಷ್ಟರು, ನೆಲ ನೋಡುತ್ತಾ.

"ನಾನು ಅತ್ತುಬಿಟ್ಟೆ, ಗೆರಿಟ್. ಸಭೆಯಲ್ಲಿ. ಎಲ್ಲರೆದುರು. ಇದಕ್ಕೆ."

"ಸೋಮವಾರ ನಂಗೆ ನಿಜವಾಗಲೂ ತಿಳಿದಿರಲಿಲ್ಲ ಸರ್. ಬುಧವಾರ ತಿಳೀತು. ಆಮೇಲೆ ಹೇಳದೇ ಇದ್ದದ್ದು ನನ್ನದೇ ತಪ್ಪು. ಪಾಠ ಹೋಗುತ್ತೆ ಅಂತ ಹೆದರಿದೆ."

"ಕಾಲು ಬೆಳೀತಿದೆ ಅಂದೆಯಲ್ಲ," ಎಂದು ಹಿಲ್ಡಾ ಕನ್ನಡಕ ಸರಿಪಡಿಸಿಕೊಂಡು ಗಾಜಿಗೆ ಮೂಗು ತಾಗಿಸಿದರು. "ಅರೆ, ಹೌದು! ಎಡಗಾಲು! ಚಿಕ್ಕದಾಗಿ ಬೆರಳೂ ಬಂದಿದೆ! ನಾನು ಇವನಿಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ಎಷ್ಟು ಮೊಟ್ಟೆ ಇಡ್ತಾಳೆ?"

"ನಾನೂರು, ಐನೂರು," ಎಂದಳು ತಬಿತಾ.

"ಕರ್ತನೇ! ಐನೂರು! ಒಬ್ಬಳೇ!" ಐದು ಮಕ್ಕಳನ್ನು ಹೆತ್ತಿದ್ದ ಹಿಲ್ಡಾ ತೊಟ್ಟಿಯೊಳಗಿನವಳನ್ನು ಗೌರವದಿಂದ ನೋಡಿದರು. "ಹಾಗಾದ್ರೆ ಪ್ರಾರ್ಥನೆ ಕೇಳಿಸಿದೆ, ಅಲ್ವಾ ಪಾಸ್ಟರ್? ಸರಪಳಿಯ ತೊಂಬತ್ತಾರು ಮನೆಗೆ ನಾನೇನು ಹೇಳಲಿ? ತಾಯಿ ಮಕ್ಕಳು ಕ್ಷೇಮ ಅನ್ನಲಾ?"

ಪಾಸ್ಟರು ಎಣ್ಣೆ ಸೀಸೆಯನ್ನು ಮೆಲ್ಲನೆ ಜೇಬಿಗೆ ಇಳಿಸಿದರು.

"ನೀವೇನೂ ಹೇಳಬೇಡಿ ಹಿಲ್ಡಾ," ಎಂದರು ಡೀನ್. ಅವರ ಧ್ವನಿ ಮಂಜುಗಡ್ಡೆಯಂತೆ ತಣ್ಣಗಿತ್ತು. "ಭಾನುವಾರ ಚರ್ಚಿನಲ್ಲಿ ಇವನೇ ಎದ್ದು ನಿಂತು ಹೇಳ್ತಾನೆ. ಪ್ರಾರ್ಥನೆ ಮಾಡಿದ ಎಲ್ಲರಿಗೂ. ಸೋಮವಾರ ಬೆಳಗ್ಗೆ ನನ್ನ ಕಚೇರಿಗೆ ಬಾ, ಗೆರಿಟ್. ನಾನೂರ ಹನ್ನೆರಡರ ತೀರ್ಮಾನ ಅಲ್ಲಿ."

ಅವರು ಹೊರಟರು. ಮೇಷ್ಟರು ತಲೆಯೆತ್ತಿ ಅಕ್ಕನನ್ನು ಹುಡುಕಿದರು. ಆಲ್ಮಾ ಆಗಲೇ ಹೋಗಿಯಾಗಿತ್ತು.

ಶನಿವಾರ ಮಧ್ಯಾಹ್ನ ಆಲ್ಮಾ ಮತ್ತೆ ನೆಲಮಾಳಿಗೆಗೆ ಬಂದರು. ಮಾಮೂಲಿ ಕಂದು ಕೋಟು. ಬಾಗಿಲಲ್ಲೇ ನಿಂತರು.

"ನಾನು ಮೂರು ದಿನ ಸಂತೋಷವಾಗಿದ್ದೆ ಕಣೋ," ಎಂದರು. "ಅಷ್ಟೇ ಹೇಳೋಣ ಅಂತ ಬಂದೆ."

ಇದಕ್ಕೆ ಮೇಷ್ಟರು "ಹೌದಾ" ಎನ್ನುವಂತಿರಲಿಲ್ಲ. ಕೊನೆಗೆ ತಮಗೆ ಗೊತ್ತಿದ್ದ ಒಂದೇ ಸಮಾಧಾನದ ಮಾತಾಡಿದರು. "ಅಕ್ಕಾ, ಇಲ್ಲಿ ಬಂದು ಒಂದು ಸಲ ನೋಡ್ತೀಯಾ?"

ಅಂದು ಬೆಳಗಿನ ಜಾವ ಇಟ್ಟ ಮೊಟ್ಟೆಗಳ ಪಕ್ಕದಲ್ಲಿ ಹಿಂದಿನ ದಿನದವನ್ನು ಇಟ್ಟು, ಸೂಕ್ಷ್ಮದರ್ಶಕವನ್ನು ಅಕ್ಕನ ಎತ್ತರಕ್ಕೆ ತಿರುಗಿಸಿ ಕೊಟ್ಟರು. ಆಲ್ಮಾ ಒಲ್ಲದ ಮನಸ್ಸಿನಿಂದ ಬಗ್ಗಿದರು. ಒಂದು ನಿಮಿಷವಾಯಿತು. ಐದಾಯಿತು.

"ನಡುವೆ ಒಂದು ಗೆರೆ ಬಂದಿದೆ."

"ಎರಡಾಗ್ತಿದೆ."

"ಯಾವಾಗ?"

"ಈಗ. ನೀನು ನೋಡ್ತಿರೋ ಹಾಗೇ."

"ಯಾರೂ ಮುಟ್ಟದೇನೇ?"

"ಯಾರೂ ಮುಟ್ಟದೇನೇ."

ಆಲ್ಮಾ ಕೋಟು ತೆಗೆದು ಪಕ್ಕಕ್ಕಿಟ್ಟರು. ಎರಡು ನಾಲ್ಕಾಗುವವರೆಗೆ ಕೂತರು, ನಾಲ್ಕು ಎಂಟಾಗುವವರೆಗೂ ಕೂತರು. ಸಂಜೆಯ ಆರ್ಗನ್ ಅಭ್ಯಾಸ ತಪ್ಪಿತು. ಏಳುವಾಗ ಮೊಣಕಾಲು ಹಿಡಿದುಕೊಂಡು, "ಇಷ್ಟು ವರ್ಷ ನೀನು ಇದನ್ನ ನೋಡ್ತಿದ್ದೆಯಾ? ಹೇಳಬಾರದಾಗಿತ್ತಾ, ಕತ್ತೆ?" ಎಂದರು. ಬೈಗುಳ ಮರಳಿ ಬಂದದ್ದು ಕೇಳಿ ಮೇಷ್ಟರಿಗೆ ಜೀವ ಬಂದಂತಾಯಿತು.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಪಾಸ್ಟರು ಪ್ರಾರ್ಥನೆಯ ಬೇಡಿಕೆಗಳನ್ನು ಕೇಳುವ ಹೊತ್ತಿಗೆ ಮೇಷ್ಟರು ಎದ್ದು ನಿಂತರು. ಬೆಂಚಿನ ಹಿಡಿಕೆಯನ್ನು ಎರಡೂ ಕೈಯಿಂದ ಬಿಗಿಹಿಡಿದರು.

"ಎಲ್ಲರಿಗೂ ವಂದನೆ. ವಿಲೆಮೀನಾಗೋಸ್ಕರ ನೀವೆಲ್ಲ ಪ್ರಾರ್ಥನೆ ಮಾಡಿದ್ರಿ. ಅವಳು ಹೆಂಗಸಲ್ಲ. ನೀವು ಹಾಗೆ ತಿಳ್ಕೊಂಡಿದೀರಿ ಅಂತ ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ. ತಪ್ಪಾಯ್ತು."

ಹಿಂದಿನ ಬೆಂಚಿನಲ್ಲಿ ಹಂದಿ ಸಾಕುವ ಮುದುಕ ಆರೀ ಡೆಕ್ಕರ್ ಎದ್ದು ನಿಂತ.

"ಹಸುವಾ ಮೇಷ್ಟ್ರೇ?"

"ಅಲ್ಲ. ಸ್ಯಾಲಮ್ಯಾಂಡರ್."

"ಎಷ್ಟುದ್ದ?"

"ಒಂದು ಗೇಣು."

"ಈಗ ತಿಂತಿದೆಯಾ?"

"ನಿನ್ನೆ ಸಂಜೆ ಮೂರು ಎರೆಹುಳು ತಿಂದಳು."

"ಮತ್ತಿನ್ನೇನು, ಸರಿಯಾಯ್ತಲ್ಲ," ಎಂದು ಆರೀ ಕುಳಿತ. ಕುಳಿತವನು ಮತ್ತೆ ಎದ್ದ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ, "ಪಾಸ್ಟರ್, ಇದು ನಡೆಯುತ್ತೆ ಅನ್ನೋದಾದರೆ, ನಮ್ಮನೇಲಿ ಒಂದು ಕುದುರೆ ಇದೆ. ಬೆಸ್. ಎರಡು ಕಣ್ಣೂ ಹೋಗಿದೆ. ನಲವತ್ತು ವರ್ಷದಿಂದ ಈ ಬೆಂಚಲ್ಲಿ ಕೂತಿದೀನಿ, ಕೇಳಿದರೆ ನಗ್ತೀರಿ ಅಂತ ಕೇಳಿರಲಿಲ್ಲ."

ಯಾರೂ ನಗಲಿಲ್ಲ. ಪಾಸ್ಟರು ಒಂದು ಕ್ಷಣ ಯೋಚಿಸಿ, ಪೆನ್ನು ತೆಗೆದು, "ಬೆಸ್," ಎಂದು ಬರೆದುಕೊಂಡರು.

ಆಮೇಲೆ ಕಟ್ಟೆ ಒಡೆಯಿತು. ಬ್ಯಾಂಕಿನ ಮ್ಯಾನೇಜರು ಎದ್ದು ತನ್ನ ನಾಯಿಗೆ ಗುಡುಗೆಂದರೆ ನಡುಕ ಎಂದರು. ಅಂಚೆ ಕಚೇರಿಯ ದಪ್ಪನೆ ಹೆಂಗಸು ಮಾತಾಡಲು ಹೋಗಿ ಬಿಕ್ಕಿದಳು. ಅವಳ ಗಿಳಿ ಆರು ವಾರದಿಂದ ಮೌನವಾಗಿದೆ, ಸತ್ತ ಗಂಡನ ಧ್ವನಿಯಲ್ಲಿ ಮಾತಾಡುತ್ತಿದ್ದದ್ದು ಅದೊಂದೇ. ಹಿಲ್ಡಾ ತಮ್ಮ ಬಾತುಕೋಳಿಯ ಸ್ವಭಾವ ತಿದ್ದಬೇಕೆಂದು ಕೇಳಿಕೊಂಡರು. ಪಾಸ್ಟರ ಕಾಗದ ತುಂಬಿತು, ಪ್ರಸಂಗದ ಹಾಳೆಯ ಬೆನ್ನಿಗೆ ಬರೆಯತೊಡಗಿದರು. ಆರ್ಗನ್ ಮುಂದೆ ಕುಳಿತಿದ್ದ ಆಲ್ಮಾ ಗಡಿಯಾರ ನೋಡಿ ಹಾಡಿನ ಪುಸ್ತಕ ಮುಚ್ಚಿಬಿಟ್ಟರು. ಊರಿನ ಅಷ್ಟೂ ಒಲೆಗಳಲ್ಲಿ ಭಾನುವಾರದ ಮಾಂಸ ಸೀಯುತ್ತಿತ್ತು.

ಕೊನೆಗೆ ಮುಂದಿನ ಬೆಂಚಿನಿಂದ ಒಂದು ಉದ್ದನೆಯ ಕೈ ಮೇಲೆದ್ದಿತು. ಡೀನ್ ಟ್ಯೂನಿಸನ್. ಅವರು ನಿಲ್ಲಲಿಲ್ಲ. ಹಿಂದೆ ತಿರುಗಲೂ ಇಲ್ಲ.

"ನಮ್ಮನೇ ಬೆಕ್ಕು," ಎಂದರು. ಗಂಟಲು ಸರಿಪಡಿಸಿಕೊಂಡರು. "ಹದಿನೇಳು ವರ್ಷ. ಹೆಸರು... ಹೆಸರು ಬೇಡ. ಊಟ ಬಿಟ್ಟಿದೆ. ಸೋಮವಾರದಿಂದ ಅಲ್ಲ, ಅದಕ್ಕೂ ಮೊದಲಿಂದ."

ಸೋಮವಾರ ಬೆಳಗ್ಗೆ ಮೇಷ್ಟರು ಡೀನ್ ಕಚೇರಿಗೆ ಹೋದರು. ಮೇಜಿನ ಮೇಲೆ ಪಾಠಗಳ ಪಟ್ಟಿ. ಮೇಜಿನ ಪಕ್ಕದ ಬುಟ್ಟಿಯಲ್ಲಿ ಟವೆಲಿನ ಮೇಲೆ ಬೂದು ಬಣ್ಣದ ಮುದಿ ಬೆಕ್ಕು. ಇಬ್ಬರೂ ಸ್ವಲ್ಪ ಹೊತ್ತು ಬೆಕ್ಕನ್ನೇ ನೋಡಿದರು.

"ನಂಗೆ ಬೆಕ್ಕಿನ ವಿಷಯ ಏನೂ ಗೊತ್ತಿಲ್ಲ ಸರ್," ಎಂದರು ಮೇಷ್ಟರು. "ಹುಟ್ಟೋ ತನಕ ಗೊತ್ತು. ಹುಟ್ಟಿದ ಮೇಲಿಂದು ಗೊತ್ತಿಲ್ಲ."

"ವೈದ್ಯರು ನೋಡಿದಾರೆ. ವಯಸ್ಸು ಅಂದ್ರು. ಸುಮ್ಮನೆ ಕೂತ್ಕೋ."

ಮೇಷ್ಟರು ಕೂತರು. ಬಗ್ಗಿ ಬೆಕ್ಕಿನ ಕಿವಿಯ ಹಿಂದೆ ಬೆರಳಾಡಿಸಿದರು. ಬೆಕ್ಕು ಕಣ್ಣು ಮುಚ್ಚಿತು. ಡೀನ್ ಪಟ್ಟಿಯನ್ನು ಎಳೆದುಕೊಂಡು ನಾನೂರ ಹನ್ನೆರಡರ ಸಾಲಿನ ಮುಂದೆ ಏನೋ ಬರೆದು, ಶಾಯಿ ಆರಲೆಂದು ಊದಿದರು.

"ಐದು ಜನ. ಸಾಕು. ನನ್ನ ಕೈಲಿ ಈ ವರ್ಷ ಮಾತ್ರ ಆಗುತ್ತೆ. ಮುಂದಿನ ವರ್ಷ ಆರನೆಯವರನ್ನ ನೀನೇ ಹುಡುಕು."

"ಆಗಲಿ ಸರ್." ಮೇಷ್ಟರು ಎದ್ದರು. ಬೆಕ್ಕಿನ ಟವೆಲನ್ನು ಸರಿಪಡಿಸಿ ಬಾಗಿಲ ತನಕ ಹೋದರು.

"ಗೆರಿಟ್."

"ಸರ್?"

"ಇನ್ನು ಮುಂದೆ ಸಭೆಯಲ್ಲಿ ಯಾರಿಗಾದರೂ ಪ್ರಾರ್ಥನೆ ಬೇಕು ಅಂದ್ರೆ, ಕಾಲು ಎಷ್ಟು ಅಂತ ಮೊದಲೇ ಹೇಳಿಬಿಡು."

ಮೇಷ್ಟರು ಇದನ್ನು ಗಂಭೀರವಾಗಿ ಯೋಚಿಸಿದರು. "ಹೇಳಬಹುದು ಸರ್. ಆದರೆ ಮೊಟ್ಟೆಯೊಡೆದು ಹೊರಗೆ ಬಂದಾಗ ಇವಕ್ಕೆ ಕಾಲೇ ಇರೋದಿಲ್ಲ. ಮೊದಲು ಮುಂಗಾಲು ಮೊಳಕೆ ಬರುತ್ತೆ, ಹಿಂಗಾಲು ಆಮೇಲೆ. ಹಾಗಾಗಿ ಯಾವ ವಾರ ಅನ್ನೋದರ ಮೇಲೆ..."

"ಗೆರಿಟ್," ಎಂದರು ಡೀನ್, "ಹೊರಡಪ್ಪಾ."